ಆರಡಿ ಹುಡುಗಿಯ ಜರ್ಸಿ

ಟೈಲರ್ ತುಕಾರಾಮರಾಯರಿಗೆ ಅರವತ್ತು ದಾಟಿತ್ತು. ಬಾಸ್ಕೆಟ್‌ಬಾಲನ್ನು ಒಮ್ಮೆಯೂ ಕೈಯಲ್ಲಿ ಹಿಡಿದವರಲ್ಲ. ಆದರೂ ಸಂಜೆ ಐದಾದರೆ ಸಾಕು, ಅಂಗಡಿಯ ಅರ್ಧ ಬಾಗಿಲು ಎಳೆದು ಊರಿನ ಕ್ಲಬ್ಬಿನ ಮೈದಾನದ ಪಕ್ಕದ ಕಲ್ಲುಮೆಟ್ಟಿಲ ಮೇಲೆ ಹಾಜರಾಗುತ್ತಿದ್ದರು. ಅಲ್ಲಿ ಅವರಂಥವರು ಇನ್ನೂ ಏಳೆಂಟು ಜನ. ಆಡುವವರಿಗಿಂತ ನೋಡುವವರಿಗೇ ಆಟ ಹೆಚ್ಚು ಗೊತ್ತಿದ್ದ ಜಾಗ ಅದು.

ಆ ವರ್ಷ ಅವರ ಬಾಯಿಗೆ ಸಿಕ್ಕವಳು ಹದಿನಾಲ್ಕು ವರ್ಷದ ಜೀವಿತಾ. ಉಳಿದವರು ಚೆಂಡು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಅವಳು ಅದನ್ನು ಬಾಸ್ಕೆಟ್ಟಿಗೆ ಹಾಕಿ ವಾಪಸ್ ಓಡುತ್ತಿದ್ದಳು. ಈ ಹುಡುಗಿ ಮುಂದೆ ಏನಾಗುತ್ತಾಳೆ? ಮೆಟ್ಟಿಲ ಮೇಲೆ ದಿನವೂ ಇದೇ ಚರ್ಚೆ.

“ಇನ್ನು ನಾಲ್ಕೇ ವರ್ಷ. ಇಂಡಿಯಾ ಟೀಮು, ಆಮೇಲೆ ರೈಲ್ವೇಲಿ ಕೆಲಸ. ಬರೆದಿಟ್ಕೊಳ್ಳಿ,” ಎನ್ನುತ್ತಿದ್ದರು ರಾಯರು.

“ಏನು ಬರ್ಕೊಳ್ಳೋದು ರಾಯರೇ?” ನಿವೃತ್ತ ಪೋಸ್ಟ್‌ಮ್ಯಾನ್ ಬೋರಲಿಂಗಪ್ಪ ಮೂಗು ಮುರಿಯುತ್ತಿದ್ದರು. “ಅವರಮ್ಮ ನನ್ನ ಭುಜಕ್ಕೂ ಬರಲ್ಲ. ಇವಳು ಐದಡಿ ಎರಡಿಂಚಿಗೇ ನಿಂತ್ಲು ಅನ್ನಿ. ಇನ್ನೆರಡು ವರ್ಷಕ್ಕೆ ಇವಳ ಹೆಸರೂ ಯಾರಿಗೂ ನೆನಪಿರಲ್ಲ.”

“ಅವಳ ಪಾದ ನೋಡಿದ್ದೀರಾ? ಆ ಪಾದಕ್ಕೆ ಆರಡಿ ಗ್ಯಾರಂಟಿ.”

ಜೀವಿತಾ ಕೆಳಗಿನ ಮೆಟ್ಟಿಲಲ್ಲೇ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಪಾದದ ಮಾತು ಬಂದಾಗ ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ವಾದದ ಭರದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿನ ಮೈದಾನದಲ್ಲೇ ನಡೆಯುವ ಜಿಲ್ಲಾ ತಂಡದ ಆಯ್ಕೆ ಪಂದ್ಯದ ದಿನ ಗೊತ್ತಾಯಿತು. ಕೋಚ್ ಗಿರಿಜಾ ಮೇಡಂ ಬಟ್ಟೆ ತಂದು, ಹತ್ತು ಜರ್ಸಿ ಹೊಲಿಯಲು ರಾಯರಿಗೆ ಒಪ್ಪಿಸಿದರು. ರಾಯರು ಟೇಪು ಹಿಡಿದು ಎಲ್ಲರ ಅಳತೆಯನ್ನೂ ಸರಿಯಾಗಿಯೇ ತೆಗೆದುಕೊಂಡರು. ಒಂಬತ್ತನ್ನು ಅಳತೆಯಂತೆ ಹೊಲಿದರು. ಹತ್ತನೆಯದಕ್ಕೆ, ಅಂದರೆ ಜೀವಿತಾಳದಕ್ಕೆ, ಕತ್ತರಿ ಹಿಡಿದಾಗ ಬೋರಲಿಂಗಪ್ಪನವರ ಮೂಗು ನೆನಪಾಯಿತು. ಸುತ್ತಳತೆಗೆ ನಾಲ್ಕಿಂಚು, ಉದ್ದಕ್ಕೆ ನಾಲ್ಕಿಂಚು ಸೇರಿಸಿ ಕತ್ತರಿಸಿ, ಹಾಗೇ ಹೊಲಿದುಬಿಟ್ಟರು. ಆರಡಿ ಹುಡುಗಿಯ ಜರ್ಸಿ ಅದು. ಇವಳು ಇದನ್ನು ತುಂಬುವ ದಿನ ಆ ಪೋಸ್ಟ್‌ಮ್ಯಾನನನ್ನು ಕರೆದು ತೋರಿಸುತ್ತೇನೆ ಎಂದುಕೊಂಡು ಒಬ್ಬರೇ ನಕ್ಕರು.

ಜರ್ಸಿಗಳು ಮೈದಾನ ತಲುಪಿದ್ದು ಪಂದ್ಯದ ಬೆಳಿಗ್ಗೆಯೇ. ಬದಲಾಯಿಸಲು ಹೊತ್ತಿರಲಿಲ್ಲ. ಜೀವಿತಾ ಅದನ್ನು ಟೀ ಶರ್ಟಿನ ಮೇಲೆ ಹಾಕಿಕೊಂಡು ಆಟಕ್ಕಿಳಿದಳು. ಮೊದಲ ಓಟಕ್ಕೇ ಜರ್ಸಿ ಭುಜದಿಂದ ಜಾರಿತು. ಒಂದು ಕೈಗೆ ಚೆಂಡಿನ ಕೆಲಸ, ಇನ್ನೊಂದು ಕೈಗೆ ಜರ್ಸಿ ಎಳೆದುಕೊಳ್ಳುವ ಕೆಲಸ. ಎರಡು ಪಾಸು ಕೈತಪ್ಪಿದವು. ಎಸೆಯಲು ಕೈಯೆತ್ತಿದರೆ ಜೋಲುವ ಬಟ್ಟೆ ಮೊಣಕೈಗೆ ಸಿಕ್ಕಿಕೊಳ್ಳುತ್ತಿತ್ತು. ಅರ್ಧ ಆಟ ಮುಗಿದಾಗ ಅವಳದು ಒಂದೇ ಒಂದು ಬಾಸ್ಕೆಟ್. ಆಯ್ಕೆ ಮಾಡಲು ಬಂದವರು ಅವಳತ್ತ ನೋಡುವುದನ್ನೇ ಬಿಟ್ಟಿದ್ದರು.

“ನಾನು ಹೇಳ್ಲಿಲ್ವಾ?” ಎಂದರು ಬೋರಲಿಂಗಪ್ಪ.

ತಪ್ಪು ಯಾರದೆಂದು ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲಿಳಿದು ಹುಡುಗಿಯ ಬಳಿ ಹೋದರು.

“ಪುಟ್ಟಿ, ನೀನು ದೊಡ್ಡೋಳಾಗ್ತೀಯಲ್ಲ ಅಂತ ಸ್ವಲ್ಪ ಜಾಸ್ತಿ ಬಿಟ್ಟೆ.”

ಜೀವಿತಾ ಕಣ್ಣೊರೆಸಿಕೊಂಡಳು. “ತಾತ, ನೀವೆಲ್ಲ ಅಲ್ಲಿ ಕೂತು ದಿನಾ ಒಬ್ಬಳ ಬಗ್ಗೆ ಮಾತಾಡ್ತೀರಲ್ಲ, ಅವಳು ಯಾರೋ ನಂಗೊತ್ತಿಲ್ಲ. ಈ ಜರ್ಸಿ ಅವಳದ್ದು. ಇವತ್ತು ಆಡ್ತಿರೋಳು ನಾನು. ನಂಗೊಂದು ಕೊಡಿ.”

ರಾಯರಿಗೆ ತುಂಬ ನಾಚಿಕೆಯಾಯಿತು. ನಲವತ್ತು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಶಾಲೆಯ ಯೂನಿಫಾರಂ ಹೊಲಿದವರು ಅವರು. ಹೊರಗೆ ಇವತ್ತಿನ ಅಳತೆ, ಮಿಕ್ಕ ಬಟ್ಟೆ ಒಳಮಡಿಕೆಯಲ್ಲಿ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಬಟ್ಟೆ ಬಿಡುವುದು. ಕಸುಬಿಗೆ ಕೂತ ಮೊದಲ ವರ್ಷ ಕಲಿತದ್ದನ್ನು ಒಂದು ವಾದ ಗೆಲ್ಲುವ ಹಟದಲ್ಲಿ ಮರೆತುಬಿಟ್ಟಿದ್ದರು.

ಜರ್ಸಿ ಕಳಚಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಕಾಲರಿನ ಹಿಂದೆ ಚುಚ್ಚಿಟ್ಟುಕೊಂಡಿದ್ದ ಸೂಜಿದಾರ ತೆಗೆದರು. ವಿರಾಮಕ್ಕೆ ಇದ್ದದ್ದು ಹತ್ತು ನಿಮಿಷ. ಎದುರಿಗೆ ಯಾರೋ ಬಂದು ಕೂತು ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದರು. ನೋಡಿದರೆ ಬೋರಲಿಂಗಪ್ಪ.

“ಕತ್ತರಿಸಿಬಿಡಿ ರಾಯರೇ, ಬೇಗ ಆಗುತ್ತೆ.”

“ಬೇಡ. ಕತ್ತರಿಸೋದಕ್ಕೆ ನಾವ್ಯಾರು? ಮಡಚಿ ಹೊಲೀತೀನಿ.”

ಹೊಲಿಗೆ ಸೊಟ್ಟಗಿತ್ತು, ಆದರೆ ಜರ್ಸಿ ಮೈಗೆ ಸರಿಯಾಗಿ ಕೂತಿತು. ಮುಂದಿನ ಅರ್ಧದಲ್ಲಿ ಜೀವಿತಾಳ ಎರಡೂ ಕೈ ಚೆಂಡಿಗೇ ಮೀಸಲಾದವು. ಅವಳು ಏಳು ಬಾಸ್ಕೆಟ್ ಹಾಕಿದಳು. ತಂಡ ಎರಡು ಪಾಯಿಂಟಿನಿಂದ ಸೋತಿತು. ಆದರೂ ಸಂಜೆ ಓದಿದ ಜಿಲ್ಲಾ ತಂಡದ ಹನ್ನೆರಡು ಹೆಸರುಗಳ ಪಟ್ಟಿಯಲ್ಲಿ ಹನ್ನೊಂದನೆಯದು ಅವಳದು. ಹೆಸರು ಕೇಳಿ ರಾಯರು ಎಲ್ಲರೆದುರಿಗೇ ಅತ್ತುಬಿಟ್ಟರು.

ಮಾರನೆಯ ದಿನ ಮೆಟ್ಟಿಲ ಮೇಲೆ ಬೋರಲಿಂಗಪ್ಪ ಮತ್ತೆ ಕೆಣಕಿದರು. “ಈಗ ಹೇಳಿ ರಾಯರೇ, ಎಷ್ಟುದ್ದ ಬೆಳೀತಾಳೆ ಹುಡುಗಿ?”

“ನಂಗೇನು ಗೊತ್ತಪ್ಪ?” ಎಂದರು ರಾಯರು. “ಒಳಗೆ ನಾಲ್ಕಿಂಚು ಬಟ್ಟೆ ಇದೆ. ಅವಳಿಗೆ ಬೇಕಾದಾಗ ಬರಲಿ, ಬಿಚ್ಚಿಕೊಡ್ತೀನಿ.”

ನೀತಿ: ಮಕ್ಕಳ ನಾಳೆಯ ಬಗ್ಗೆ ನಾವು ಕಟ್ಟುವ ಆಸೆ ಅವರ ಇವತ್ತಿನ ಕೈಕಾಲಿಗೆ ತೊಡರಬಾರದು. ಇವತ್ತಿನ ಅಳತೆಗೆ ಹೊಲಿಯಿರಿ, ಬೆಳೆಯಲು ಒಳಗೆ ಜಾಗ ಬಿಡಿ. ಎಷ್ಟು ಬೆಳೆಯಬೇಕೆಂಬುದನ್ನು ಮಕ್ಕಳಿಗೇ ಬಿಡಿ.