ಗೋಸುಂಬೆ ಕೊಟ್ಟ ಎಲೆ

ಹೂತಿಟ್ಟ ಶೇಂಗಾದ ಜಾಗ ಮರೆತ ಅಳಿಲು ಹೆಗ್ಗಣದ ಹತ್ತಿರ ಮೂವತ್ತು ಶೇಂಗಾ ಸಾಲ ಮಾಡಿತ್ತು. ಬಡ್ಡಿ ದಿನಕ್ಕೊಂದು. ಹೀಗಿರುವಾಗ ಗೋಸುಂಬೆ ತಾನಾಗಿ ಮರವೇರಿ ಬಂದು ಅಳಿಲಿನ ಕೈಗೆ ಮಿರಮಿರ ಮಿಂಚುವ ಎಲೆಯೊಂದನ್ನು ಕೊಟ್ಟಿತು.

"ಇದನ್ನು ತೋರಿಸಿದರೆ ಸಾಕು, ನಿಮ್ಮ ಹಳೆಯ ಸಾಲ ನನ್ನ ಹೆಗಲಿಗೆ. ಆರು ತಿಂಗಳು ಬಡ್ಡಿಯ ಮಾತೇ ಇಲ್ಲ."

ಮರುದಿನ ಅಳಿಲು ಎಲೆ ಹಿಡಿದು ಹೊಲದ ಬೇಲಿಯಲ್ಲಿದ್ದ ಗೋಸುಂಬೆಯ ಬಳಿ ಹೋದಾಗ ಅದರ ಬಣ್ಣ ಬೇರೆಯಾಗಿತ್ತು.

"ನಿಮ್ಮ ಸಾಲವನ್ನು ವಹಿಸಿಕೊಳ್ಳಲು ಆಗುವುದಿಲ್ಲ. ನಿಮಗೆ ಈಗಾಗಲೇ ಸಾಲವಿದೆ."

"ಸಾಲವಿಲ್ಲದಿದ್ದರೆ ನಿಮ್ಮ ಎಲೆ ನನಗೇಕೆ ಬೇಕಿತ್ತು ಸ್ವಾಮಿ?"

"ಬೇಕಾದರೆ ಹೊಸದಾಗಿ ಐವತ್ತು ಶೇಂಗಾ ಒಯ್ಯಿರಿ. ಅದಕ್ಕೆ ಅಡ್ಡಿಯಿಲ್ಲ."

ಅಳಿಲಿಗೆ ಮೈಯೆಲ್ಲ ಉರಿದುಹೋಯಿತು.

"ಹೊರೆ ಇಳಿಸಿ ಎಂದು ಬಂದರೆ ಇನ್ನೊಂದು ಮೂಟೆ ಹೊರಿಸುತ್ತೀರಿ. ಬೇಡ. ನನ್ನ ಶೇಂಗಾ ಈ ಹೊಲದಲ್ಲೇ ಎಲ್ಲೋ ಇದೆ. ಇಡೀ ಹೊಲ ಅಗೆದಾದರೂ ಹೆಗ್ಗಣದ ಸಾಲ ನಾನೇ ತೀರಿಸುತ್ತೇನೆ."

ಅಷ್ಟು ಹೇಳಿ ಅಲ್ಲೇ, ಗೋಸುಂಬೆಯ ಬೇಲಿಯ ಬುಡದಿಂದಲೇ ಅಗೆಯಲು ಶುರುಮಾಡಿತು.

ಮೈಮೇಲೆ ಮಣ್ಣು ಸಿಡಿದಾಗ ಗೋಸುಂಬೆ ಹಿಂದೆ ಸರಿಯಿತು. "ಹಾಗಾದರೆ ನನ್ನ ಎಲೆ ವಾಪಸು ಕೊಡಿ."

"ಕೊಡುವುದಿಲ್ಲ," ಎಂದಿತು ಅಳಿಲು, ತಲೆಯೆತ್ತದೆ. "ಗೂಡಿಗೆ ಹಾಸಲು ಒಂದು ಎಲೆ ಕಡಿಮೆ ಬಿದ್ದಿತ್ತು."