ತೊಂಬತ್ತೆರಡು ಸಾವಿರ ಓಡಿದ ಕಾರು

"ಮನಸ್ಸು ನಿಲ್ಲುತ್ತಿಲ್ಲ ಎಂದು ನಾಲ್ಕು ಜನ ಹಿರಿಯರನ್ನು ಕೇಳಿದೆ ಬುದ್ಧಿ. ನಾಲ್ಕು ಜನವೂ ನಾಲ್ಕು ದಾರಿ ಹೇಳಿದರು. ಯಾರ ಮಾತು ಹಿಡಿಯಲಿ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಅವನಿಗೆ ಇನ್ನೊಂದು ತಿಂಗಳಿಗೆ ದೀಕ್ಷೆ ಆಗಬೇಕಿತ್ತು. ಮನಸ್ಸು ಹೀಗೆಯೇ ಇದ್ದರೆ ದೀಕ್ಷೆ ಪಡೆಯಬೇಕೋ, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಹಿರಿಯರಲ್ಲಿ ಒಬ್ಬರು ರಾತ್ರಿಯ ಊಟ ಬಿಡು ಎಂದಿದ್ದರು. ಇನ್ನೊಬ್ಬರು ಹೊಟ್ಟೆ ತುಂಬ ಉಣ್ಣು, ಹೊಲದಲ್ಲಿ ಮೈ ಮುರಿದು ದುಡಿ ಎಂದಿದ್ದರು. ಮೂರನೆಯವರು ಜಪ ಹೆಚ್ಚು ಮಾಡು ಎಂದರೆ, ನಾಲ್ಕನೆಯವರು ಇರುವ ಜಪವನ್ನೂ ಕೆಲವು ದಿನ ನಿಲ್ಲಿಸಿ ನೋಡು ಎಂದಿದ್ದರು. ಶಿಷ್ಯ ವಿಧೇಯ. ನಾಲ್ಕನ್ನೂ ಒಂದೊಂದು ವಾರ ಮಾಡಿ ನೋಡಿದ್ದ. ಈಗ ಹಸಿವೂ ಸರಿಯಿರಲಿಲ್ಲ, ನಿದ್ದೆಯೂ ಸರಿಯಿರಲಿಲ್ಲ.

ಗುರುಗಳು ಮಠಕ್ಕೆ ಬರುವ ಮೊದಲು ಏನು ಮಾಡಿಕೊಂಡಿದ್ದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ವೇದಾಂತ ಕೇಳಿದರೆ ಗಾಡಿಯ ಕತೆ ಹೇಳುತ್ತಾರೆ ಎಂದು ಕೆಲವು ಭಕ್ತರಿಗೆ ಬೇಸರವೂ ಇತ್ತು. ಅಂದೂ ಹಾಗೆಯೇ ಆಯಿತು.

"ಕೂತುಕೋ. ಒಬ್ಬ ಬಾಡಿಗೆ ಕಾರಿನವನಿದ್ದ," ಎಂದು ಗುರುಗಳು ಶುರುಮಾಡಿದರು.

ಅವನಿಗೊಬ್ಬಳು ಅಕ್ಕ ಇದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವಳ ಎರಡು ಕಿಡ್ನಿಗಳೂ ಕೆಟ್ಟವು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಊರಿನಿಂದ ಅರವತ್ತೈದು ಕಿಲೋಮೀಟರು. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು, ತಡವಾದರೆ ಆ ಹಾಸಿಗೆ ಇನ್ನೊಬ್ಬರದು. ಆ ಹೊತ್ತಿಗೆ ಮುಟ್ಟಿಸುವ ಬಸ್ಸು ಊರಿನಿಂದ ಇರಲಿಲ್ಲ. ಕಾರು ಓಡುವವರೆಗೆ ಅಕ್ಕ ಇರುತ್ತಾಳೆ. ಇಷ್ಟು ಅವನಿಗೆ ಗೊತ್ತಿತ್ತು, ಮತ್ತು ಇದಕ್ಕಿಂತ ಹೆಚ್ಚಿನದು ಅವನಿಗೆ ಬೇಕಾಗಿರಲಿಲ್ಲ.

ಆ ಕಾರು ಹೊಗೆ ಬಿಡಲು ಶುರುಮಾಡಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ. ನಿಲ್ಲಿಸಿದ ಜಾಗದಲ್ಲಿ ಆಯಿಲ್ ಬಿದ್ದ ಕಲೆ. ಇಂಜಿನ್ ಕಾದ ಮೇಲೆ ಸ್ಟೀರಿಂಗಿನ ಮುಂದಿರುವ ಆಯಿಲ್ ದೀಪ ಒಂದು ಗಳಿಗೆ ಕೆಂಪಗೆ ಹತ್ತಿ ಆರುತ್ತಿತ್ತು. ಇಂಜಿನ್ ಆಯಿಲ್ ಬದಲಾಯಿಸಬೇಕು ಎನ್ನುವುದು ಅವನಿಗೆ ತಿಳಿಯಿತು. ಯಾವ ಆಯಿಲ್ ಎನ್ನುವುದು ತಿಳಿಯಲಿಲ್ಲ.

ಇಲ್ಲಿ ಅವನು ಬಾಡಿಗೆಗೆ ಕಾರು ನಿಲ್ಲಿಸುತ್ತಿದ್ದ ಸ್ಟ್ಯಾಂಡಿನ ಒಂದು ಪದ್ಧತಿ ಹೇಳಬೇಕು. ಲಕ್ಷ ಕಿಲೋಮೀಟರು ದಾಟಿದ ಗಾಡಿಯನ್ನು ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಮೀಟರಿನ ಅಂಕಿ ಲಕ್ಷದ ಹತ್ತಿರ ಬಂದಾಗ ಡ್ರೈವರುಗಳು ಅದರ ಹಿಂದಿನ ಕೇಬಲ್ ಬಿಚ್ಚಿಬಿಡುತ್ತಿದ್ದರು. ಗಾಡಿ ಓಡುತ್ತಿತ್ತು, ಅಂಕಿ ಓಡುತ್ತಿರಲಿಲ್ಲ. ಇದನ್ನು ಅಲ್ಲಿ ಯಾರೂ ಮೋಸ ಎನ್ನುತ್ತಿರಲಿಲ್ಲ. ಎಲ್ಲರೂ ಮಾಡುವ ಕೆಲಸಕ್ಕೆ ಕೆಟ್ಟ ಹೆಸರು ಎಲ್ಲಿಂದ ಬರಬೇಕು? ಇವನೂ ತೊಂಬತ್ತೆರಡು ಸಾವಿರಕ್ಕೆ ಕೇಬಲ್ ಬಿಚ್ಚಿದ. ಆಮೇಲೆ ಕಾರು ಮಾರುವ ಯೋಚನೆ ಬಿಟ್ಟ, ಆದರೆ ಕೇಬಲ್ ಮತ್ತೆ ಸಿಕ್ಕಿಸಲಿಲ್ಲ. ಹನ್ನೊಂದು ವರ್ಷ ಕಳೆಯಿತು. ಯಾರು ಕೇಳಿದರೂ ತೊಂಬತ್ತೆರಡು ಸಾವಿರ ಎಂದು ಹೇಳಿ ಹೇಳಿ, ಕೊನೆಗೆ ಅದು ಅವನಿಗೆ ತನ್ನ ಹೆಸರಿನಷ್ಟೇ ರೂಢಿಯಾಯಿತು. ಕಾರು ನಿಜವಾಗಿ ನಾಲ್ಕು ಲಕ್ಷ ದಾಟಿತ್ತು.

ನಗಬೇಡ. ಮುಂದೆ ಕೇಳು.

ಅವನು ಮೊದಲು ಪಟ್ಟಣದ ದೊಡ್ಡ ವರ್ಕ್‌ಶಾಪಿಗೆ ಹೋದ. ಅಲ್ಲಿಯ ಇಂಜಿನಿಯರು ಗಾಡಿ ಎಷ್ಟು ಓಡಿದೆ ಎಂದು ಕೇಳಿದ. ಇವನು ಹೇಳಿದ. ಇಂಜಿನಿಯರು ಕಾರಿನ ಪುಸ್ತಕ ತೆರೆದು, ಇದರಲ್ಲಿ ಬರೆದಿರುವ ತೆಳುವಾದ ಸಿಂಥೆಟಿಕ್ ಆಯಿಲ್ ಹಾಕಿಸಿ, ಆಮೇಲೆ ಹತ್ತು ಸಾವಿರ ಕಿಲೋಮೀಟರಿನವರೆಗೆ ಬದಲಾಯಿಸುವುದು ಬೇಡ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಸ್ಟ್ಯಾಂಡಿಗೆ ಬಂದರೆ ಅಲ್ಲಿಯ ಹಳೆಯ ಡ್ರೈವರೊಬ್ಬ ನಕ್ಕ. ತೆಳು ಆಯಿಲ್ ಹಾಕಿದರೆ ನೀರು ಹಾಕಿದ ಹಾಗೆ, ಗಟ್ಟಿ ಆಯಿಲ್ ಹಾಕು, ಹೊಗೆ ತಾನಾಗಿ ಅಡಗುತ್ತದೆ ಎಂದ. ಅವನು ಎಷ್ಟು ಓಡಿದೆ ಎಂದು ಕೇಳಲಿಲ್ಲ. ಆ ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಕಾರಿನವನು ಗಟ್ಟಿ ಆಯಿಲ್ ಹಾಕಿಸಿದ. ಹೊಗೆ ಕಡಿಮೆಯಾಯಿತು. ಆದರೆ ಬೆಳಗಿನ ಚಳಿಯಲ್ಲಿ ಇಂಜಿನ್ ನರಳತೊಡಗಿತು. ಓದಿದವನ ಮಾತು ಬಿಟ್ಟು ತಪ್ಪು ಮಾಡಿದೆನೇನೋ ಎಂದು ಅವನಿಗೆ ಹೆದರಿಕೆಯಾಯಿತು.

ಮೂರನೆಯದಾಗಿ ಬಿಡಿಭಾಗದ ಅಂಗಡಿಗೆ ಹೋದ. ಅಂಗಡಿಯವನು ಹೊಗೆ, ಕಲೆ, ಕೆಂಪು ದೀಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಮೇಲಿನ ಕಪಾಟಿಗೆ ಕೈ ಹಾಕಿ ಒಂದು ಡಬ್ಬಿ ಇಳಿಸಿದ. ಬಹಳ ಓಡಿದ ಗಾಡಿಗಳಿಗೆಂದೇ ಮಾಡಿದ ಆಯಿಲ್ ಅದು. ಒಳಗಿನ ಒಣಗಿದ ರಬ್ಬರು ಸೀಲುಗಳನ್ನು ಮೆದು ಮಾಡಿ ಸೋರುವುದನ್ನು ತಗ್ಗಿಸುತ್ತದೆ ಎಂದು ವಿವರಿಸಿದ. ಡಬ್ಬಿ ಇವನ ಬೆರಳಿಗೆ ತಾಗುತ್ತಿದ್ದಂತೆ, ಗಾಡಿ ಎಷ್ಟು ಓಡಿದೆ ಎಂದು ಕೇಳಿದ.

"ತೊಂಬತ್ತೆರಡು ಸಾವಿರ."

"ಹಂಗಾದ್ರೆ ಇದು ಬ್ಯಾಡ ಬಿಡಿ. ಇದು ಎರಡು ಮೂರು ಲಕ್ಷ ಓಡಿರೋ ಗಾಡಿಗೆ. ನಿಮ್ದಿನ್ನೂ ಹುಡ್ಗ," ಎಂದು ಅಂಗಡಿಯವನು ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಟ್ಟ.

ಕಾರಿನವನು ಅವನಿಗೆ ಕೈಮುಗಿದು ಹೊರಗೆ ಬಂದ. ಒಳ್ಳೆಯ ಮನುಷ್ಯ, ಬೇಡದ್ದನ್ನು ಕಟ್ಟಲಿಲ್ಲ ಎಂದುಕೊಂಡ. ಆ ಡಬ್ಬಿಯ ಮೇಲೆ ಅವನ ಬೆರಳು ತಾಗಿತ್ತು ಎನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಊರ ಮೆಕ್ಯಾನಿಕ್‌ನನ್ನು ಕೇಳಿದ. ಮೆಕ್ಯಾನಿಕ್ ಬಾನೆಟ್ ಎತ್ತಿ ಬಹಳ ಹೊತ್ತು ಕಿವಿಗೊಟ್ಟು ನಿಂತ. ಅವನಿಗೂ ಗೊಂದಲ. ಶಬ್ದ ಕೇಳಿದರೆ ಮುದಿ ಇಂಜಿನ್, ಓಡಿರುವ ಲೆಕ್ಕ ಕೇಳಿದರೆ ಪ್ರಾಯದ ಇಂಜಿನ್. ಕಲಬೆರಕೆ ಪೆಟ್ರೋಲ್ ಬಿದ್ದಿರಬೇಕು ಎಂದ. ಸ್ವಲ್ಪ ತಡೆದು, ಗಟ್ಟಿ ಆಯಿಲ್ ಹಾಕಿ ಹಾಳುಮಾಡಿದ್ದಾರೆ ಎಂದ. ತಾನು ಹೇಳಿದ್ದು ತನಗೇ ಸರಿಕಾಣದೆ ತಲೆ ಕೆರೆದುಕೊಂಡ. ತೊಂಬತ್ತೆರಡೇ ಆಗಿದ್ದರೆ ಪುಸ್ತಕದಲ್ಲಿರುವುದೇ ಸರಿ, ಅದನ್ನೇ ಹಾಕು ಎಂದು ಮಾತು ಮುಗಿಸಿದ.

ಕಾರಿನವನ ತಲೆ ಕೆಟ್ಟು ಕೆರ ಹಿಡಿಯಿತು. ಉಣ್ಣುವಾಗ ತೆಳುವೋ ಗಟ್ಟಿಯೋ ಎಂಬುದೇ ಯೋಚನೆ. ಡಬ್ಬಿಗಳ ಹಿಂದೆ ಬರೆದ ಅಂಕಿಗಳನ್ನು ಓದಿದ, ಅರ್ಥವಾಗಲಿಲ್ಲ. ಬಾಡಿಗೆಗೆ ಬಂದವರನ್ನೂ ಕೇಳಿದ. ಅವರೂ ಒಂದೊಂದು ಹೇಳಿದರು. ನಮ್ಮ ಜನಕ್ಕೆ ಔಷಧಿ ಹೇಳುವುದಕ್ಕೆ ಓದು ಬೇಡ, ಯಾರಾದರೂ ಕೆಮ್ಮಿದರೆ ಸಾಕು. ಒಮ್ಮೆ ಅಕ್ಕನನ್ನೇ ಕೇಳಿದ. ಅವಳು, "ನಂಗೇನ್ ಗೊತ್ತಪ್ಪ, ದೊಡ್ಡೋರು ಹೇಳ್ದಂಗ್ ಮಾಡು," ಎಂದಳು.

ಅವನು ದೊಡ್ಡವರು ಹೇಳಿದ ಹಾಗೆ ಮಾಡಿದ. ಗಟ್ಟಿ ಆಯಿಲ್ ಇಳಿಸಿ, ಪುಸ್ತಕದ ತೆಳು ಆಯಿಲ್ ತುಂಬಿಸಿದ. ಮೊದಲ ವಾರ ಕಾರು ಬೆಣ್ಣೆಯ ಹಾಗೆ ಓಡಿತು. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ನಾಲ್ಕು ಲಕ್ಷ ಸವೆದ ಇಂಜಿನ್ ಒಳಗೆ ಆ ತೆಳು ಆಯಿಲ್ ನಿಲ್ಲುವುದಾದರೂ ಎಲ್ಲಿ? ಸಂದು ಸಿಕ್ಕಲ್ಲಿ ಸೋರಿತು, ಉಳಿದದ್ದು ಹೊಗೆಯಾಗಿ ಸುಟ್ಟಿತು. ಕೆಂಪು ದೀಪ ಹತ್ತಿತು. ಹೊಸ ಆಯಿಲ್ ಹಾಕಿದ್ದೇನಲ್ಲ, ಹತ್ತು ಸಾವಿರದವರೆಗೆ ಚಿಂತೆಯಿಲ್ಲ ಎಂದು ಅವನು ಕಡ್ಡಿ ಎಳೆದು ಆಯಿಲ್ ಎಷ್ಟಿದೆ ಎಂದು ನೋಡಲಿಲ್ಲ. ನಿಂತ ಮೀಟರಿನಲ್ಲಿ ಹತ್ತು ಸಾವಿರ ಯಾವ ಕಾಲಕ್ಕೆ ಆಗಬೇಕೋ, ಅದನ್ನೂ ಯೋಚಿಸಲಿಲ್ಲ.

ಒಂದು ಶುಕ್ರವಾರ, ಆಸ್ಪತ್ರೆ ಇನ್ನೂ ಇಪ್ಪತ್ತೈದು ಕಿಲೋಮೀಟರು ಇರುವಾಗ, ಇಂಜಿನ್ ಕಟಕಟ ಎಂದು ಬಡಿದುಕೊಂಡು ಹಿಡಿದುಕೊಂಡುಬಿಟ್ಟಿತು. ಎಷ್ಟು ಕೀ ತಿರುಗಿಸಿದರೂ ಅಲ್ಲಾಡಲಿಲ್ಲ. ಅಕ್ಕನ ಮುಖ ಆಗಲೇ ಊದಿಕೊಂಡಿತ್ತು. ಅವನು ರಸ್ತೆಯ ಮಧ್ಯದಲ್ಲಿ ನಿಂತು ಕೈ ಅಡ್ಡ ಮಾಡಿದ. ಮೂರು ಗಾಡಿ ನಿಲ್ಲಲಿಲ್ಲ. ನಾಲ್ಕನೆಯದು ಜಲ್ಲಿ ಲಾರಿ. ಅಕ್ಕನನ್ನು ಎತ್ತಿ ಅದರ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ.

ಮುಟ್ಟುವ ಹೊತ್ತಿಗೆ ಅವಳ ಹಾಸಿಗೆಯಲ್ಲಿ ಇನ್ನೊಬ್ಬರಿದ್ದರು. ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಅಕ್ಕನಿಗೆ ಉಸಿರು ಎಳೆಯುವುದೇ ಕಷ್ಟವಾಗಿತ್ತು. ನರ್ಸು ತೂಕ ನೋಡಿದಳು. ಮಂಗಳವಾರಕ್ಕಿಂತ ನಾಲ್ಕು ಕಿಲೋ ಹೆಚ್ಚು, ಎಲ್ಲಾ ಒಳಗೆ ನಿಂತ ನೀರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರು.

"ಎರಡು ಲೋಟ ಸ್ವಾಮಿ. ಅಷ್ಟೇಯ," ಎಂದಳು ಅಕ್ಕ.

ಕಾರಿನವನಿಗೆ ತಡೆಯಲಾರದ ಸಿಟ್ಟು ಬಂತು. ಅವಳು ಚೊಂಬುಗಟ್ಟಲೆ ಕುಡಿಯುವುದನ್ನು ಅವನು ಕಣ್ಣಾರೆ ಕಂಡಿದ್ದ. "ಯಾಕಕ್ಕ ಸುಳ್ ಹೇಳ್ತೀಯ? ನೀನ್ ಹೇಳಿದ್ ನಂಬ್ಕೊಂಡೇ ತಾನೆ ಅವ್ರು ಮದ್ದು ಕೊಡೋದು? ಸುಳ್ಳಿಗೆ ಕೊಟ್ಟ ಮದ್ದು ನಿನ್ ಮೈಗೆ ಹತ್ತುತ್ತಾ?" ಎಂದ.

ಅಕ್ಕ ತಲೆ ತಗ್ಗಿಸಿದಳು. "ಬೇಕಂತ ಹೇಳಿಲ್ಲ ಕಣಪ್ಪ. ಕೇಳಿದ್ ತಕ್ಷಣ ಬಾಯಿಗೆ ಅದೇ ಬರ್ತದೆ," ಎಂದಳು.

ಅವನು ಎಲ್ಲರೆದುರು ಅವಳಿಗೆ ಇನ್ನೂ ಎರಡು ಮಾತು ಬೈದ. ಆಸ್ಪತ್ರೆಯವರು ಅವಳನ್ನು ಅಲ್ಲಿಯೇ ಉಳಿಸಿಕೊಂಡರು. ಹನ್ನೆರಡು ದಿನ ಉಳಿಸಿಕೊಂಡರು.

ಮಾರನೆಯ ದಿನ ಮೆಕ್ಯಾನಿಕ್ ಕಾರನ್ನು ಎಳೆಸಿಕೊಂಡು ಬಂದು ಇಂಜಿನ್ ಬಿಚ್ಚಿದ. ಒಳಗೆ ನೋಡಿದ. ಒಂದೊಂದೇ ಭಾಗ ತೆಗೆದು ಗೋಣಿಚೀಲದ ಮೇಲಿಟ್ಟ. ಎಲ್ಲವೂ ಸವೆದು ನುಣುಪಾಗಿದ್ದವು. ಕಾರಿನವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಮನಸ್ಸಿನಲ್ಲಿ ಇನ್ನೂ ಅದೇ ಪ್ರಶ್ನೆ. ಗಟ್ಟಿ ಆಯಿಲ್ ತೆಗೆಸಿದ್ದೇ ತಪ್ಪಾಯಿತೋ, ತೆಳು ಆಯಿಲ್ ಹಾಕಿಸಿದ್ದು ತಪ್ಪಾಯಿತೋ, ಇಂಜಿನಿಯರು ಮೋಸ ಮಾಡಿದನೋ.

ಮೆಕ್ಯಾನಿಕ್ ಕೈ ಒರೆಸಿಕೊಂಡು ಅವನ ಮುಖ ನೋಡಿದ. "ಇವಾಗಾದ್ರೂ ನಿಜ ಹೇಳಣ್ಣ. ಎಷ್ಟ್ ಓಡೈತೆ ಗಾಡಿ?"

"ತೊಂಬತ್ತೆರಡು ಸಾವಿರ."

ಮೆಕ್ಯಾನಿಕ್ ಸವೆದ ಒಂದು ಭಾಗವನ್ನು ಎತ್ತಿ ಅವನ ಮುಂದಿಟ್ಟ. "ನಾನ್ ಆಯಿಲ್ ಹೇಳಿದ್ದು ಆ ಗಾಡಿಗಣ್ಣ," ಎಂದ. "ಈ ಗಾಡಿ ಯಾವುದೋ ನಂಗೆ ಗೊತ್ತಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಮುಂದೆ ಏನಾಯಿತೆಂದು ತಿಳಿಯಬೇಕಿತ್ತು. ಅಕ್ಕ ಉಳಿದಳೇ ಎಂದು ಕೇಳಿದ.

"ಉಳಿದಳು. ಕಾರು ಗುಜರಿಗೆ ಹೋಯಿತು. ಈಗ ಅಕ್ಕತಮ್ಮ ಇಬ್ಬರೂ ಹಾಲಿನ ವ್ಯಾನಿನಲ್ಲಿ ಹೋಗುತ್ತಾರೆ. ಒಂದು ದಿನ ಸಿಕ್ಕರೆ ಒಂದು ದಿನ ಸಿಗುವುದಿಲ್ಲ. ಸಿಗದ ದಿನ ಅವನು ರಸ್ತೆಯಲ್ಲಿ ನಿಂತು ಕೈ ಅಡ್ಡ ಮಾಡುತ್ತಾನೆ," ಎಂದರು ಗುರುಗಳು. "ನನಗೆ ಅವನ ಮೇಲೆ ಸಿಟ್ಟಿಲ್ಲ. ಅಯ್ಯೋ ಎನಿಸುತ್ತದೆ. ಅಷ್ಟು ಜನರನ್ನು ಕೇಳಿದ, ಯಾರೂ ಅವನಿಗೆ ಕೆಟ್ಟದ್ದು ಬಯಸಲಿಲ್ಲ."

ಶಿಷ್ಯ ಹಣೆ ಉಜ್ಜಿಕೊಂಡ. ಬರುವಾಗ ಇದ್ದ ಗೊಂದಲದ ಮೇಲೆ ಇನ್ನೊಂದು ಗೊಂದಲ ಸೇರಿದಂತೆ ಅವನಿಗೆ ಅನಿಸಿತು. ತಾನು ಕೇಳಿದ್ದು ಮನಸ್ಸಿನ ವಿಚಾರ, ಸಿಕ್ಕಿದ್ದು ಆಯಿಲ್ಲಿನ ವಿಚಾರ.

"ಹಾಗಾದರೆ ಬುದ್ಧಿ, ಕೊನೆಗೂ ಆ ನಾಲ್ವರಲ್ಲಿ ಸರಿಯಾದ ಆಯಿಲ್ ಹೇಳಿದವರು ಯಾರು?" ಎಂದು ಕೇಳಿದ.

"ಆಯಿಲ್ ಇರಲಿ," ಎಂದರು ಗುರುಗಳು. "ಮನಸ್ಸು ನಿಲ್ಲುತ್ತಿಲ್ಲ ಎಂದು ನಾಲ್ಕು ಜನಕ್ಕೆ ಹೇಳಿದೆಯಲ್ಲ, ಅದು ಹೋಗುವುದು ಎಲ್ಲಿಗೆ ಎಂದು ಯಾರಿಗೆ ಹೇಳಿದೆ?"