ಆಷಾಢದಲ್ಲಿ ತೆರೆದ ಹಗೇವು

“ಅಮ್ಮನವರೇ, ವ್ಯಾಪಾರಕ್ಕೆ ನಂಬಿಕೆಯೇ ಮೊದಲ ಬಂಡವಾಳ ಎಂದು ಹೇಳಿದಿರಿ. ಹಾಗಾದರೆ ಜನರ ನಂಬಿಕೆ ಗಳಿಸಿದವರಿಗೆ ನಷ್ಟದ ಭಯವೇ ಇಲ್ಲವೇ?”

ಕೇಳಿದವನು ಪೇಟೆಯಲ್ಲಿ ಅಂಗಡಿ ಇಡಲು ಹೊರಟಿದ್ದ ಶಿಷ್ಯ. ಗುರುತಾಯಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸದೆ, “ಕೂತುಕೋ ಮಗಾ, ಒಂದು ಹಗೇವಿನ ಕತೆ ಹೇಳ್ತೀನಿ,” ಎಂದರು.

ಕರಿಮಣ್ಣಿನ ಒಂದು ಊರು. ಅಲ್ಲಿ ಜೋಳವೇ ಬೆಳೆ, ಜೋಳವೇ ಊಟ. ಮನೆಗಳೋ ಚಿಕ್ಕವು, ವರ್ಷದ ಕಾಳು ಇಡಲು ಜಾಗವಿಲ್ಲ. ಅದಕ್ಕೆ ಒಂದು ಓಣಿಯವರೆಲ್ಲ ಸೇರಿ ತಮ್ಮ ಜೋಳವನ್ನು ಒಂದೇ ಹಗೇವಿಗೆ ಹಾಕುತ್ತಿದ್ದರು. ಹಗೇವು ಅಂದರೆ ನೆಲದೊಳಗಿನ ಕಣಜ ಮಗಾ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹೊದಿಸಿ, ಕಾಳು ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ಆಯಿತು. ಗಾಳಿ ಹೋಗುವುದಿಲ್ಲ, ಹುಳ ಬದುಕುವುದಿಲ್ಲ. ಹಾಕಿದ ಜೋಳ ಹಾಕಿದ ಹಾಗೇ ಇರುತ್ತದೆ.

ಆದರೆ ಅದಕ್ಕೊಂದು ಕಟ್ಟುಪಾಡು. ನನಗೊಂದು ಬುಟ್ಟಿ ಬೇಕು ಎಂದು ಒಬ್ಬ ಬಂದು ಹಗೇವು ತೆರೆಸುವಂತಿಲ್ಲ. ಒಮ್ಮೆ ತೆರೆದರೆ ತೇವ ಹೊಕ್ಕಿತು. ಆಮೇಲೆ ಎಲ್ಲರೂ ತಮ್ಮದೆಲ್ಲವನ್ನೂ ಹೊತ್ತುಕೊಂಡು ಹೋಗಲೇಬೇಕು. ಆದ್ದರಿಂದ ಸುಗ್ಗಿಯಲ್ಲಿ ಮುಚ್ಚಿದ ಬಾಯಿಯನ್ನು ಮಳೆಗಾಲ ಕಳೆದ ಮೇಲೆ, ದೀಪಾವಳಿಯ ಒಣ ಬಿಸಿಲಿನಲ್ಲಿ ತೆರೆಯುತ್ತಿದ್ದರು. ಅಲ್ಲಿಯವರೆಗೆ ಅವರವರ ಮನೆಯ ಗಡಿಗೆಯಲ್ಲಿದ್ದಷ್ಟೇ ಊಟಕ್ಕೆ.

ಹಗೇವು ಇದ್ದದ್ದು ನಿಂಬೆವ್ವ ಎಂಬ ವಿಧವೆಯ ಅಂಗಳದಲ್ಲಿ. ಕಾಯುವವಳು ಅವಳೇ. ಕಾಯ್ದದ್ದಕ್ಕೆ ಮನೆಗೊಂದು ಬುಟ್ಟಿ ಜೋಳ ಕೊಡುತ್ತಿದ್ದರು. ಅವಳ ಬದುಕು ಅದರಲ್ಲೇ ನಡೆಯುತ್ತಿತ್ತು. ಅವಳ ಕೈಯಲ್ಲಿ ತನ್ನ ಪಾಲು ಕಡಿಮೆ ಬಂತು ಎಂದವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಅವಳ ಮನೆಗೆ ತವರಿನವರು ಬಂದು ಉಳಿದರು. ಗಡಿಗೆ ಬರಿದಾಯಿತು. ಕಾಲ ಕೆಳಗೇ ಓಣಿಯ ಜೋಳವೆಲ್ಲ ಇದೆ. ಆದರೆ ಅದನ್ನು ಮುಟ್ಟುವುದುಂಟೇ? ಅವಳು ಸಂತೆಗೆ ಹೋಗಿ ಒಂದು ಸಣ್ಣ ಚೀಲ ಜೋಳ ಕೊಂಡಳು.

ಅಲ್ಲಿ ಓಣಿಗೆ ಹಾಲು ಹಾಕುವವನು ಕಂಡ. ಬಾಯಿ ಸುಮ್ಮನಿಡುವವನಲ್ಲ.

“ಏನ್ ಚಿಗವ್ವಾ, ಹೊಳಿ ದಂಡಿ ಮ್ಯಾಲೆ ಮನಿ ಇಟಕೊಂಡು ನೀರು ಕೊಳ್ಳಾಕ ಬಂದೀಯಲ್ಲ?”

“ಹೂನಪಾ, ನಿನ್ನ ಹಾಲಿಗೆ ಸಾಲವಲ್ದಂತಲ್ಲ, ಅದಕ್ಕ ಬಂದೀನಿ.”

ಸುತ್ತ ಇದ್ದವರೆಲ್ಲ ನಕ್ಕರು. ನಿಂಬೆವ್ವನೂ ನಗುತ್ತ ಚೀಲ ತಲೆಗಿಟ್ಟುಕೊಂಡು ಬಂದಳು. ಯಾಕೆ ಕೊಂಡೆ ಎಂದು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಮರುದಿನ ಹಾಲಿನವನು ಮನೆಮನೆಗೆ ಹಾಲು ಹಾಕುತ್ತ ಆ ಮಾತನ್ನೂ ಹಾಕಿದ. “ಹಗೇವಿನಾಕಿನ ಸಂತಿ ಜೋಳ ತಿನ್ನಾಕತ್ಯಾಳ ನೋಡ್ರಿ.” ಮೊದಲ ಮನೆಯಲ್ಲಿ ನಕ್ಕರು. ನಡುವಿನ ಮನೆಯಲ್ಲಿ “ಹೌದಾ?” ಎಂದರು. ಕೊನೆಯ ಮನೆಯಲ್ಲಿ ಯಾರೂ ನಗಲಿಲ್ಲ.

ಹಗೇವಿಗೆ ನೀರು ಇಳಿದಿದ್ದರೆ? ಕಾಳು ಮುಗ್ಗಿದ್ದು ಅವಳಿಗೆ ಮೊದಲೇ ಗೊತ್ತಾಗಿದ್ದರೆ?

ಹೋಗಿ ಕೇಳಬಹುದಿತ್ತು. ಆದರೆ ಅಷ್ಟು ಒಳ್ಳೆಯವಳನ್ನು ಹೇಗೆ ಕೇಳುವುದು? ಕೇಳಿದರೆ ಅನುಮಾನಪಟ್ಟಂತೆ ಆಗುತ್ತದೆ. ಹಾಗಾಗಿ ಅವಳೆದುರು ಎಲ್ಲರೂ ಮೊದಲಿಗಿಂತ ಹೆಚ್ಚೇ ನಗುತ್ತ ಮಾತಾಡಿದರು. ಮನೆಗೆ ಬಂದು ಆಕಾಶ ನೋಡಿದರು.

ನಿಂಬೆವ್ವನ ಎದುರು ಮನೆಯಲ್ಲಿ ಒಬ್ಬ ರೈತನಿದ್ದ. ಅವಳನ್ನು ಅಕ್ಕ ಎನ್ನುತ್ತಿದ್ದವನು. ಅವನ ಹೆಂಡತಿಗೆ ಹೆರಿಗೆ ಮಾಡಿಸಿದವಳು ಅವಳೇ. ಒಂದು ಸಂಜೆ ಅವನು ಅಟ್ಟದಿಂದ ಹಗೇವಿನ ಹಗ್ಗ ಇಳಿಸುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

“ನಿಂಬೆವ್ವಕ್ಕ ಮೋಸ ಮಾಡಾಕಿ ಅಲ್ಲ.”

“ನನಗ ಗೊತ್ತಿಲ್ಲೇನು?”

“ಮತ್ತ ಹಗ್ಗ ಯಾಕ?”

“ಮೂಲಿಮನಿಯವ ಮುಂಜಾನಿಂದ ಚೀಲ ಹೊಲಿಯಾಕತ್ಯಾನ. ಅವ ಹೋಗಿ ಹಗೇವು ತಗಿಸಿದಾ ಅಂದ್ರ ಮುಗೀತು. ಮುಂದ ನಿಂತವಗ ಒಣಾ ಕಾಳು, ಹಿಂದ ನಿಂತವಗ ತೊಯ್ದದ್ದು. ಕೂಸುಗಳಿಗೆ ಏನು ಹಾಕ್ತೀ?”

ಹೆಂಡತಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮೂಲೆಮನೆಯವನು ಚೀಲ ಹೊಲಿಯಲು ಕೂತದ್ದು ಯಾಕೆ ಗೊತ್ತೇ ಮಗಾ? ಈ ರೈತ ಹಿಂದಿನ ದಿನ ತನ್ನ ಬುಟ್ಟಿಗಳನ್ನು ಹೊರಗೆ ತಂದು ಜಾಡಿಸಿದ್ದನ್ನು ಅವನು ಕಂಡಿದ್ದ.

ಬೆಳಿಗ್ಗೆ ಎದ್ದವನೇ ರೈತ ನಿಂಬೆವ್ವನ ಅಂಗಳಕ್ಕೆ ಹೋದ. ತಲೆ ತಗ್ಗಿಸಿ ನಿಂತ.

“ಅಕ್ಕಾ, ನಿನ್ನ ಮ್ಯಾಲೆ ನನಗ ಒಂದು ಚೂರೂ ಅನುಮಾನ ಇಲ್ಲ. ಆದರ ಮಂದಿಗೆ ಐತಿ. ನನ್ನ ಪಾಲು ತಗದು ಕೊಟ್ಟುಬಿಡು.”

“ಇಂಥಾ ಮೋಡದಾಗ ಹಗೇವು ತಗೀತಾರೇನೋ ತಮ್ಮಾ? ದೀಪಾವಳಿತನಾ ತಡಿ.”

“ನಾ ತಡೀತೀನಬೇ. ಅವರು ತಡೀಬೇಕಲ್ಲ?”

ಅವನು ಕೈ ಮಾಡಿದ ಕಡೆ ನಿಂಬೆವ್ವ ನೋಡಿದಳು. ಓಣಿಗೆ ಓಣಿಯೇ ಬುಟ್ಟಿ ಹಿಡಿದು ಬರುತ್ತಿತ್ತು. ಮೂಲೆಮನೆಯವನು ಎಲ್ಲರಿಗಿಂತ ಮುಂದೆ.

ಅವಳು ಆಗ ಹೇಳಿದಳು. ತವರಿನವರು ಬಂದಿದ್ದರು, ಗಡಿಗೆ ತೀರಿತ್ತು, ಹಗೇವು ಮುಟ್ಟಬಾರದೆಂದೇ ಸಂತೆಯಲ್ಲಿ ಕೊಂಡೆ. ಎಲ್ಲ ನಿಜವೇ. ಆದರೆ ಸಂತೆಯಲ್ಲಿ ಹೇಳಿದ್ದರೆ ಬರೀ ಮಾತಾಗುತ್ತಿದ್ದುದು, ಬುಟ್ಟಿಗಳ ಎದುರು ನಿಂತು ಹೇಳುವಾಗ ನೆಪದ ಹಾಗೆ ಕೇಳಿಸಿತು. ಜನ ತಲೆಯಾಡಿಸಿದರು. ಬುಟ್ಟಿ ಇಳಿಸಲಿಲ್ಲ.

ತೆರೆಯುವುದಿಲ್ಲ ಎಂದರೆ ಹಗೇವು ಕೆಟ್ಟಿದೆ ಎಂದು ಒಪ್ಪಿದಂತೆ. ತೆರೆದರೆ ಕೆಡುತ್ತದೆ. ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಒಳಗೆ ಹೋಗಿ ಹಾರೆ ತಂದಳು.

ಮಣ್ಣು ಒಡೆದರು, ಚಪ್ಪಡಿ ಸರಿಸಿದರು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಬಾಯಿಯ ಹತ್ತಿರದ ಕಾಳು ಕಪ್ಪಾಗಿತ್ತು. ಅದು ಪ್ರತಿ ವರ್ಷವೂ ಕಪ್ಪಾಗುತ್ತದೆ. ತೆಗೆದು ದನಗಳಿಗೆ ಹಾಕುತ್ತಾರೆ. ಓಣಿಯ ಕೂಸಿಗೂ ಅದು ಗೊತ್ತು. ಆದರೆ ಆ ದಿನ ಯಾರೋ “ಕೆಟ್ಟೈತಿ!” ಎಂದು ಕೂಗಿದರು. ಹಿಂದಿದ್ದವರು ಮುಂದಿದ್ದವರ ಮೇಲೆ ಬಿದ್ದರು.

ಕೈಗೆ ಸಿಕ್ಕಷ್ಟನ್ನು ಬಾಚಿ ತೆಗೆದರು. ಇನ್ನು ಒಳಗೆ ಇಳಿಯಬೇಕು. ನಿಂಬೆವ್ವ ಅಡ್ಡ ನಿಂತಳು. “ಯಾರೂ ಇಳೀಬ್ಯಾಡ್ರಿ. ಕೆಟ್ಟ ಗಾಳಿ ಹೊರಗ ಬರಬೇಕು. ಇಳಿದವ ಏಳೂದಿಲ್ಲ.” ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟಳು. ದೀಪ ಒಳಗೆ ಹೋಗಿದ್ದೇ ಆರಿತು.

ಕಾಯಬೇಕು. ದೀಪ ಉರಿಯುವವರೆಗೆ ಬಾಯಿ ತೆರೆದೇ ಇರಬೇಕು. ಪಡುವಣದಲ್ಲಿ ಮೋಡ ಕಪ್ಪಾಗುತ್ತ ಬಂತು.

“ಇನ್ನೂ ಏನೂ ಆಗಿಲ್ಲ,” ಎಂದಳು ನಿಂಬೆವ್ವ. “ಚಪ್ಪಡಿ ಎಳಿಯೂಣು ಬರ್ರಿ. ನಾಕು ಮಂದಿ ಕೈ ಹಚ್ಚಿದರ ಮಳಿ ಬರೂದ್ರಾಗ ಮೆತ್ತಿಬಿಡಬಹುದು.”

ಚಪ್ಪಡಿ ಹಿಡಿಯಬೇಕಾದರೆ ಬುಟ್ಟಿ ಬಿಡಬೇಕು. ಬುಟ್ಟಿ ಬಿಟ್ಟರೆ ಸಾಲಿನಲ್ಲಿ ಜಾಗ ಹೋಗುತ್ತದೆ. ಎದುರುಮನೆಯ ರೈತ ಮೂಲೆಮನೆಯವನ ಮುಖ ನೋಡಿದ. ಮೂಲೆಮನೆಯವನು ಅವನ ಹಿಂದಿನವನ ಮುಖ ನೋಡಿದ. ನಿಂಬೆವ್ವ ಒಬ್ಬಳೇ ಬಾಗಿ ಚಪ್ಪಡಿಗೆ ಕೈ ಕೊಟ್ಟಳು. ಅದು ಅಲುಗಲಿಲ್ಲ.

ಮತ್ತೆ ದೀಪ ಬಿಟ್ಟರು. ಮತ್ತೆ ಆರಿತು. ಹನಿ ಬಿತ್ತು. ಒಬ್ಬ ಕಂಬಳಿ ತಂದು ಬಾಯಿಗೆ ಹೊದಿಸಿದ. ಇನ್ನೊಬ್ಬ ಅದನ್ನು ಕಿತ್ತೆಸೆದ. “ಮುಚ್ಚಿದರ ಗಾಳಿ ಹೆಂಗ ಹೋಗತೈತೋ?” ಇಬ್ಬರೂ ಹೇಳಿದ್ದು ಸರಿಯೇ. ಅಷ್ಟರಲ್ಲಿ ಮಳೆ ಸುರಿಯಿತು. ಅಂಗಳದ ನೀರೆಲ್ಲ ಇಳಿಜಾರು ಹಿಡಿದು ಹಗೇವಿನ ಕಡೆಗೇ ಹರಿಯಿತು. ಕೈಯಿಂದ ಕಟ್ಟೆ ಹಾಕಿದರು, ನಿಲ್ಲಲಿಲ್ಲ.

ದೀಪ ಉರಿಯುವ ಹೊತ್ತಿಗೆ ಮಳೆಯೂ ನಿಂತಿತ್ತು. ಇಳಿದವನು ಕಪ್ಪು ಪದರದ ಕೆಳಗೆ ಕೈ ಹಾಕಿ ಒಂದು ಮುಷ್ಟಿ ಮೇಲೆತ್ತಿ ತೋರಿಸಿದ. ಬಿಳಿ ಜೋಳ. ಮುಚ್ಚಿದ ದಿನ ಹೇಗಿತ್ತೋ ಹಾಗೆ. ಅವನ ಬೆರಳ ಸಂದಿಯಿಂದ ನೀರು ಸೋರುತ್ತಿತ್ತು.

ತೊಯ್ದ ಕಾಳನ್ನು ಹೊತ್ತುಕೊಂಡು ಹೋಗಿ ಮನೆಯೊಳಗೆ ಹರವಿದರು. ಮಲಗುವ ಜಾಗಕ್ಕೂ ಹರವಿದರು, ದೇವರ ಮುಂದೆಯೂ ಹರವಿದರು. ಆಷಾಢದಲ್ಲಿ ಬಿಸಿಲೆಲ್ಲಿಂದ ಬರಬೇಕು? ಮೊದಲು ಮೊಳಕೆ ಬಂತು. ಆಮೇಲೆ ಬೂಸರು ಬಂತು. ಶ್ರಾವಣ ಮುಗಿಯುವುದರೊಳಗೆ ಓಣಿಯವರೆಲ್ಲ ಸಂತೆಯಲ್ಲಿ ನಿಂತಿದ್ದರು. ಕೊಳ್ಳುವವರು ಹೀಗೆ ಒಮ್ಮೆಗೇ ಬಂದು ನಿಂತರೆ ಮಾರುವವನು ಬಿಡುತ್ತಾನೆಯೇ? ಜೋಳದ ಧಾರಣೆ ಅವರ ಕೈಗೆ ಎಟುಕಲಿಲ್ಲ. ರೊಟ್ಟಿ ತಿನ್ನುತ್ತಿದ್ದ ಕೂಸುಗಳು ಅಂಬಲಿ ಕುಡಿದವು.

ಮರು ಸುಗ್ಗಿಯಲ್ಲಿ ಹಗೇವಿಗೆ ಕಾಳು ಹಾಕಲು ಯಾರೂ ಬರಲಿಲ್ಲ. ನಿಂಬೆವ್ವ ಮನೆಗೆ ಬೀಗ ಹಾಕಿ ತವರಿಗೆ ಹೋದಳು. ಅವಳನ್ನು ಊರ ಹೊರಗಿನವರೆಗೆ ಕಳಿಸಿ ಬಂದವರು ಆ ಓಣಿಯವರೇ. ಹೆಂಗಸರು ಅತ್ತರು.

ಗುರುತಾಯಿ ಸೊಪ್ಪಿನ ದಂಟುಗಳನ್ನು ಬದಿಗೆ ಸರಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಇಷ್ಟು ವರ್ಷ ಅವಳು ಕಾಯ್ದ ಕಾಳು ತಿಂದವರಲ್ಲವೇ ಅಮ್ಮನವರೇ! ಎದುರುಮನೆಯವನೇನೋ ಅವಳನ್ನು ನಂಬಿದ್ದ, ಹೆದರಿ ಬಂದ. ಉಳಿದವರಲ್ಲಿ ಅವಳನ್ನು ನಂಬದೆ ಬಂದವರು ಎಷ್ಟು ಮಂದಿ?”

“ಒಬ್ಬರೂ ಇಲ್ಲ ಮಗಾ, ಅವಳನ್ನು ನಂಬದವರು ಆ ಸಾಲಿನಲ್ಲಿ ಇರಲೇ ಇಲ್ಲ.”